ಮರ ಕೊಯ್ಯುವ ಯಂತ್ರ: ಕಿವಿಗೂ ಉಸಿರಿಗೂ ಎಚ್ಚರ

ಕಳೆದ ಮಳೆಗಾಲದ ಒಂದು ಸಂಜೆ ಮುಗದದ ಕಡೆಯಿಂದ ಮೂವರು ಒಟ್ಟಿಗೇ ನನ್ನ ದವಾಖಾನೆಗೆ ಬಂದರು. ಒಬ್ಬರು ಎಪ್ಪತ್ತು ದಾಟಿದ ಅಜ್ಜಿ, ಇನ್ನೊಬ್ಬ ಹದಿನೇಳರ ಮೊಮ್ಮಗ, ಮೂರನೆಯವರು ಅವರ ಮನೆಗೆ ಮರ ಕೊಯ್ಯಲು ಬಂದಿದ್ದ ಸುಮಾರು ನಲವತ್ತರ ಕೆಲಸಗಾರ. ಮೂವರ ದೂರೂ ಒಂದೇ: ತಲೆ ಸಿಡಿಯುವಂಥ ನೋವು, ಹೊಟ್ಟೆ ತೊಳಸು, ಕಣ್ಣಿಗೆ ಕತ್ತಲೆ ಬಂದಂತೆ. ಹುಡುಗನಿಗೆ ಎರಡು ಸಲ ವಾಂತಿಯೂ ಆಗಿತ್ತು. "ಮಧ್ಯಾಹ್ನ ಉಂಡದ್ದು ಏನರೆ ಕೆಟ್ಟಿತ್ತು ಅಂತ ಕಾಣ್ತದರೀ, ಒಂದೊಂದು ಸೂಜಿ ಮಾಡ್ರಿ" ಎಂದರು ಜೊತೆಗೆ ಬಂದಿದ್ದ ಮನೆಯ ಸೊಸೆ.

ನಿಜ ಹೇಳಬೇಕೆಂದರೆ ನಾನೂ ವಾಂತಿಯ ಇಂಜೆಕ್ಷನ್ನಿಗೆ ಕೈ ಹಾಕಿದ್ದೆ. ಮಳೆಗಾಲದಲ್ಲಿ ಇಂಥವರು ದಿನವೂ ಬರುತ್ತಾರೆ. ಆದರೆ ಮಾತಿನ ನಡುವೆ ಒಂದು ಸಂಗತಿ ತಿಳಿಯಿತು. ಅಂದು ಶ್ರಾವಣ ಸೋಮವಾರ. ಅಜ್ಜಿ ಉಪವಾಸವಿದ್ದರು, ಮಧ್ಯಾಹ್ನ ಉಂಡಿರಲೇ ಇಲ್ಲ. ಅದೇ ಅಡಿಗೆಯನ್ನು ಉಂಡ ಸೊಸೆಗೆ ಮಾತ್ರ ಏನೂ ಆಗಿರಲಿಲ್ಲ. ಆಕೆ ಉಂಡು ಹೊಲಕ್ಕೆ ಹೋಗಿದ್ದರು. ಹಾಗಾದರೆ ತಪ್ಪು ಊಟದ್ದಲ್ಲ, ಮನೆಯಲ್ಲಿ ಉಳಿದವರು ಉಸಿರಾಡಿದ ಗಾಳಿಯದು.

ನಡೆದದ್ದು ಇಷ್ಟು. ಮುಂಗಾರಿನ ಗಾಳಿಗೆ ಹಿತ್ತಲ ಹಳೆಯ ಮಾವಿನ ಮರ ಉರುಳಿತ್ತು. ಅದರ ಬೊಡ್ಡೆಯಿಂದ ಅಟ್ಟಕ್ಕೆ ಹಲಗೆ ಮಾಡಿಸಲು ಚೈನ್‌ಸಾ ಇದ್ದವರನ್ನು ಕರೆಸಿದ್ದರು. ಮಳೆ ಹಿಡಿದುಕೊಂಡಿತು. ಬೊಡ್ಡೆಯನ್ನು ತಗಡಿನ ದನದ ಕೊಟ್ಟಿಗೆಯೊಳಗೆ ಎಳೆದುಕೊಂಡು, ಇರಚಲು ಬಾರದಂತೆ ಬಾಗಿಲಿಗೆ ತಾಡಪತ್ರಿ ಕಟ್ಟಿ, ಮೂರು ತಾಸು ಯಂತ್ರ ನಡೆಸಿದ್ದರು. ಹುಡುಗ ಹಲಗೆ ಹಿಡಿಯುತ್ತಿದ್ದ. ಅಜ್ಜಿ ಕೊಟ್ಟಿಗೆಗೆ ಹೊಂದಿದ ಕೋಣೆಯಲ್ಲಿ ಮಲಗಿದ್ದರು. ಮೂವರೂ ಉಸಿರಾಡಿದ್ದು ಯಂತ್ರ ಉಗುಳಿದ ಹೊಗೆಯನ್ನು.

ಅವರನ್ನು ಆಮ್ಲಜನಕ ಕೊಡಲು ಕೂಡಲೇ ಧಾರವಾಡದ ಆಸ್ಪತ್ರೆಗೆ ಕಳಿಸಿದೆ. ಮೂವರೂ ಗುಣವಾದರು. ಆದರೆ ಆ ಕೆಲಸಗಾರರನ್ನು ಪರೀಕ್ಷಿಸುವಾಗ ಇನ್ನೊಂದು ವಿಷಯ ಗಮನಕ್ಕೆ ಬಂದಿತು. ನಾನು ಕೇಳಿದ ಪ್ರತಿ ಪ್ರಶ್ನೆಗೂ ಅವರು ಮುಖ ಮುಂದೆ ತಂದು "ಆಂ? ಏನಂದ್ರಿ?" ಎನ್ನುತ್ತಿದ್ದರು. ಹನ್ನೆರಡು ವರ್ಷದಿಂದ ಇದೇ ಕೆಲಸ. ಹೊಗೆಯ ತೊಂದರೆ ಒಂದು ರಾತ್ರಿಯಲ್ಲಿ ಹೋಯಿತು. ಕಿವಿಯ ತೊಂದರೆ ಹೋಗುವಂಥದ್ದಲ್ಲ. ಈ ಎರಡರ ಬಗೆಗೂ, ಎರಡನ್ನೂ ಕಡಿಮೆ ಮಾಡುವ ಬಗೆಗೂ ಈ ವಾರ ನಿಮ್ಮೊಡನೆ ಮಾತಾಡಬೇಕೆನಿಸಿತು.

ಕಡಿಯುವುದು ಬೇರೆ, ಕೊಯ್ಯುವುದು ಬೇರೆ

ಮುಗದ ಎಂದರೆ ಹೊರಗಿನವರಿಗೆ ನೆನಪಾಗುವುದು ಅಲ್ಲಿಯ ಕೆರೆ, ಕುಂಬಾರರ ಮಡಿಕೆ, ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರ. ಧಾರವಾಡದಿಂದ ಅಳ್ನಾವರದ ಕಡೆಗೆ ರೈಲಿನಲ್ಲಿ ಹೋದವರಿಗೆ ಇನ್ನೊಂದು ಗೊತ್ತು: ಇಲ್ಲಿಂದ ಮುಂದೆ ಬಯಲು ಮುಗಿದು ಹಳಿಯಾಳ, ದಾಂಡೇಲಿಯ ಕಾಡಿನ ಸೆರಗು ಶುರುವಾಗುತ್ತದೆ. ಸಾಗವಾನಿ, ಮತ್ತಿ, ಹೊನ್ನೆ ಕಾಡಿನವು. ಮಾವು, ಹಲಸು, ಬೇವು ಹೊಲ ಹಿತ್ತಲಿನವು. ಆದ್ದರಿಂದ ಈ ಭಾಗದ ಮನೆಗಳಲ್ಲಿ ಮರ ಕೊಯ್ಯಿಸುವುದು ಹೊಸದೇನಲ್ಲ.

ಹಿಂದೆ ಇದಕ್ಕೆ ಉದ್ದನೆಯ ಗರಗಸವಿತ್ತು. ಒಬ್ಬ ದಿಮ್ಮಿಯ ಮೇಲೆ, ಇನ್ನೊಬ್ಬ ಕೆಳಗಿನ ಗುಂಡಿಯಲ್ಲಿ ನಿಂತು ಎಳೆಯುತ್ತಿದ್ದರು. ಸೊಂಟ ಹೋಗುತ್ತಿತ್ತು, ಕೆಳಗಿನವನ ಕಣ್ಣಿಗೆ ಹೊಟ್ಟು ಬೀಳುತ್ತಿತ್ತು; ಆದರೆ ಕಿವುಡುತನವಾಗಲಿ ವಿಷದ ಹೊಗೆಯಾಗಲಿ ಇರಲಿಲ್ಲ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ ಚೈನ್‌ಸಾ, 1929ರಲ್ಲಿ ಪೆಟ್ರೋಲಿನದನ್ನು ತಯಾರಿಸಿದ. ಇಂದು ಅದು ಒಬ್ಬನೇ ಹೊತ್ತು ತಿರುಗುವಷ್ಟು ಹಗುರಾಗಿ ಹಳ್ಳಿ ಹಳ್ಳಿಗೂ ಬಂದಿದೆ.

ಒಂದು ಭೇದವನ್ನು ಇಲ್ಲಿ ತಿಳಿಯಬೇಕು. ನಿಂತ ಮರವನ್ನು ಕಡಿಯುವಾಗ, ಟೊಂಗೆ ಸವರುವಾಗ ಯಂತ್ರ ಒಂದೆರಡು ನಿಮಿಷ ಅರಚಿ ಸುಮ್ಮನಾಗುತ್ತದೆ. ದಿಮ್ಮಿಯನ್ನು ಉದ್ದಕ್ಕೆ ಸೀಳಿ ಹಲಗೆ ಮಾಡುವಾಗ ಹಾಗಲ್ಲ. ಒಂದೊಂದು ಹಲಗೆಗೂ ಹಲವು ನಿಮಿಷ ಪೂರ್ತಿ ವೇಗದಲ್ಲಿ ನಡೆಯಬೇಕು. ಹಲಗೆಯ ಮೇಲೆ ಹಲಗೆ, ತಾಸುಗಟ್ಟಲೆ. ನಡೆಸುವವನು ಯಂತ್ರದ ಮೇಲೆ ಬಾಗಿ, ಅದರ ಜೊತೆಗೇ ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತಾನೆ. ಹೊಗೆ ಬಿಡುವ ಬಾಯಿ ಅವನ ಮುಖಕ್ಕೆ ಒಂದೆರಡು ಮೊಳ ದೂರದಲ್ಲಿರುತ್ತದೆ. ಹೀಗಾಗಿ ಕಡಿಯುವವನಿಗಿಂತ ಕೊಯ್ಯುವವನಿಗೆ ಸದ್ದೂ ಹೆಚ್ಚು, ಹೊಗೆಯೂ ಹೆಚ್ಚು.

ಸದ್ದಿನ ಲೆಕ್ಕ

ಸದ್ದನ್ನು ಅಳೆಯುವ ಮಾನ ಡೆಸಿಬೆಲ್. ಪಿಸುಮಾತು ಸುಮಾರು 30, ಸಾಧಾರಣ ಸಂಭಾಷಣೆ 60. ದಿನಕ್ಕೆ 8 ತಾಸು 85 ಡೆಸಿಬೆಲ್ ಕೇಳಿದರೆ ಅಲ್ಲಿಗೆ ಕಿವಿಯ ಸಹನೆಯ ಎಲ್ಲೆ ಎಂದು ವೈದ್ಯರು ಹೇಳುತ್ತಾರೆ. ಪೆಟ್ರೋಲ್ ಚೈನ್‌ಸಾ ನಡೆಸುವವನ ಕಿವಿಯ ಬಳಿ ಸದ್ದು 105ರಿಂದ 115 ಇರುತ್ತದೆ.

"85ಕ್ಕೂ 110ಕ್ಕೂ ಏನು ಮಹಾ ಅಂತರ?" ಎಂದು ಕೇಳಬೇಡಿ. ಈ ಮಾನದಲ್ಲಿ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸದ್ದಿನ ಶಕ್ತಿ ಎರಡರಷ್ಟಾಗುತ್ತದೆ. ಕಿವಿ ತಾಳುವ ಕಾಲ ಅರ್ಧಕ್ಕೆ ಇಳಿಯುತ್ತದೆ. 85ಕ್ಕೆ 8 ತಾಸು ಆದರೆ 88ಕ್ಕೆ 4 ತಾಸು, 91ಕ್ಕೆ 2, 94ಕ್ಕೆ 1 ತಾಸು, 100ಕ್ಕೆ ಕಾಲು ತಾಸು. ಹೀಗೇ ಲೆಕ್ಕ ಹಿಡಿದರೆ 110 ಡೆಸಿಬೆಲ್‌ಗೆ ಸಿಗುವುದು ಒಂದೂವರೆ ನಿಮಿಷ ಮಾತ್ರ. ಬರಿಗಿವಿಯಿಂದ ಮೊದಲನೆಯ ಹಲಗೆ ಅರ್ಧ ಕೊಯ್ಯುವಷ್ಟರಲ್ಲಿ ಆ ದಿನದ ಪಾಲು ಮುಗಿದಿರುತ್ತದೆ.

ಒಳಗಿವಿಯಲ್ಲಿ ಶಂಖದಂಥ ಒಂದು ಭಾಗವಿದೆ. ಅದರೊಳಗೆ ಸಾಲಾಗಿ ನಿಂತ ಸೂಕ್ಷ್ಮ ರೋಮಕೋಶಗಳು ಸದ್ದಿನ ಅಲೆಗೆ ತೂಗಾಡಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಭತ್ತದ ಗದ್ದೆಯ ಮೇಲೆ ಗಾಳಿ ಬೀಸಿದಂತೆ ಎನ್ನಿ. ಮೆಲುಗಾಳಿಗೆ ಪೈರು ಬಾಗಿ ಮತ್ತೆ ನಿಲ್ಲುತ್ತದೆ. ಬಿರುಗಾಳಿಗೆ ಮಲಗಿದ ಪೈರು ಒಂದೆರಡು ಸಲ ಎದ್ದೀತು. ದಿನವೂ ಮಲಗಿಸಿದರೆ ಏಳುವುದಿಲ್ಲ. ವ್ಯತ್ಯಾಸವೆಂದರೆ ಗದ್ದೆಯನ್ನು ಮುಂದಿನ ವರ್ಷ ಮತ್ತೆ ನಾಟಿ ಮಾಡಬಹುದು. ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಅದಕ್ಕೆ ಗುಳಿಗೆ ಇಲ್ಲ, ಟಾನಿಕ್ ಇಲ್ಲ, ಎಣ್ಣೆ ಹಾಕಿದರೆ ಪ್ರಯೋಜನವಿಲ್ಲ.

ಮನೆಯಲ್ಲೇ ಗುರುತಿಸುವುದು ಹೇಗೆ?

ಸದ್ದಿನಿಂದ ಬರುವ ಕಿವುಡು ಒಮ್ಮೆಲೇ ಬರುವುದಿಲ್ಲ. ಮೊದಲು ಹೋಗುವುದು ತೀಕ್ಷ್ಣ ಸ್ವರಗಳು. ಸ, ಶ, ಚ, ತ, ಕ ಮುಂತಾದ ವ್ಯಂಜನಗಳು ಮಸುಕಾಗುತ್ತವೆ; ಸ್ವರಾಕ್ಷರಗಳು ಚೆನ್ನಾಗಿಯೇ ಕೇಳುತ್ತವೆ. ಆದ್ದರಿಂದ ರೋಗಿಗೆ ಮಾತು 'ಕೇಳುತ್ತದೆ', ಆದರೆ 'ತಿಳಿಯುವುದಿಲ್ಲ'. "ಶಾಲು ತಾ" ಎಂದರೆ "ಹಾಲು" ತರುತ್ತಾರೆ. "ಸಾಲ" ಎಂದದ್ದು "ಕಾಲ" ಎಂದು ಕೇಳುತ್ತದೆ. ಸಂತೆ, ಮದುವೆಯಂಥ ಗದ್ದಲದಲ್ಲಿ ಇದು ಇನ್ನೂ ಹೆಚ್ಚು. ಮನೆಯವರು "ಬೇಕಾದ್ದು ಕೇಳ್ತದ, ಬ್ಯಾಡಾದ್ದು ಕೇಳಂಗಿಲ್ಲ" ಎಂದು ಬೈಯುತ್ತಾರೆ. ಪಾಪ, ಅವರು ಬೇಕೆಂದು ಹಾಗೆ ಮಾಡುವುದಲ್ಲ.

ಇನ್ನೆರಡು ಗುರುತುಗಳಿವೆ. ಕೆಲಸ ಮುಗಿಸಿ ಬಂದ ರಾತ್ರಿ ಕಿವಿಯಲ್ಲಿ ಜೀರುಂಡೆಯಂತೆ ಗುಂಯ್‌ಗುಡುವುದು ಒಂದು. ಕಿವಿಗೆ ಬೆಣೆ ಹಾಕಿದಂತೆ ಅನಿಸುವುದು ಇನ್ನೊಂದು. ಬೆಳಗಾಗುವುದರೊಳಗೆ ಇವು ಹೋದರೂ ನೆಮ್ಮದಿ ಪಡಬೇಡಿ. ಕಿವಿ ಕೊಡುತ್ತಿರುವ ನೋಟೀಸು ಅದು.

ಒಂದು ಸುಲಭ ಪರೀಕ್ಷೆ ಮಾಡಿ ನೋಡಿ. ಕೆಲಸಕ್ಕೆ ಹೋಗುವ ಮುಂಚೆ ರೇಡಿಯೋದ ಸದ್ದನ್ನು ವಾರ್ತೆ ಅಷ್ಟಕ್ಕಷ್ಟೇ ತಿಳಿಯುವಷ್ಟು ತಗ್ಗಿಸಿ, ತಿರುಗಣೆಯನ್ನು ಮುಟ್ಟದೆ ಹಾಗೇ ಬಿಡಿ. ಸಂಜೆ ಬಂದು ಮತ್ತೆ ಹಚ್ಚಿ. ವಾರ್ತೆ ತಿಳಿಯದಿದ್ದರೆ ಆ ದಿನದ ಸದ್ದು ನಿಮ್ಮ ಕಿವಿಗೆ ಮಿತಿ ಮೀರಿತ್ತು ಎಂದರ್ಥ. ಕೆಲಸದ ಜಾಗದಲ್ಲೂ ಹೀಗೆ ನೋಡಬಹುದು: ಒಂದು ತೋಳಿನಷ್ಟು ದೂರದಲ್ಲಿರುವವನಿಗೆ ಕೂಗಿ ಹೇಳಬೇಕಾದರೆ ಅಲ್ಲಿ ಕಿವಿಗೆ ರಕ್ಷಣೆ ಬೇಕೇ ಬೇಕು.

ಹೊಗೆಯಲ್ಲಿ ಏನಿದೆ?

ಹಿಂದೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ದಿ ಮೋಟರ್ ಸೈಕಲ್ಲನ್ನು ಓಡಿಸಿದವರಿಗೆ ಅದರ ನೀಲಿ ಹೊಗೆ ನೆನಪಿರಬಹುದು. ಪೆಟ್ರೋಲ್ ಚೈನ್‌ಸಾದಲ್ಲಿರುವುದೂ ಅದೇ ಜಾತಿಯ ಟೂ ಸ್ಟ್ರೋಕ್ ಇಂಜಿನ್. ಇದರಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸುತ್ತಾರೆ. ಹಳೆಯ ಮಾದರಿಯ ಇಂಜಿನ್ನಿನಲ್ಲಿ ಆ ಮಿಶ್ರಣದ ಕಾಲು ಭಾಗದಷ್ಟು ಉರಿಯದೆಯೇ ಹೊರಗೆ ಬರುತ್ತದೆ. ಉರಿಯದ ಪೆಟ್ರೋಲಿನ ಆವಿಯಲ್ಲಿ ಬೆಂಜೀನ್ ಇರುತ್ತದೆ. ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತು. ಅರೆಬರೆ ಉರಿದದ್ದರಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ.

ಕಾರ್ಬನ್ ಮೊನಾಕ್ಸೈಡ್ ಕಪಟಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗನ್ನು ಉರಿಸುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರುವ ಹಮಾಲಿ ಇದ್ದಂತೆ. ಆ ಹಮಾಲಿಯನ್ನು ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬೇಗ ಬಿಡುವುದಿಲ್ಲ. ಮಿದುಳಿಗೂ ಹೃದಯಕ್ಕೂ ಆಮ್ಲಜನಕ ಸಾಲದೆ ಬರುತ್ತದೆ. ಮೊದಲು ತಲೆನೋವು, ವಾಕರಿಕೆ, ತಲೆ ತಿರುಗು. ಮುಂದೆ ಕಾಲಿನ ಸೋಲು, ಗೊಂದಲ, ಪ್ರಜ್ಞೆ ತಪ್ಪುವುದು, ಸಾವು. ಬಸುರಿಯರಿಗೆ, ಹೊಟ್ಟೆಯೊಳಗಿನ ಕೂಸಿಗೆ, ಹೃದ್ರೋಗಿಗಳಿಗೆ, ರಕ್ತ ಕಡಿಮೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು.

ನಮ್ಮ ಜನ ತಲೆನೋವು ವಾಕರಿಕೆಗೆ "ಪಿತ್ತ ಆಗೇದ" ಎಂದು ಲಿಂಬು ಶರಬತ್ತು ಕುಡಿದು ಮತ್ತೆ ಕೆಲಸಕ್ಕೆ ಹೋಗುತ್ತಾರೆ. ಯಂತ್ರದ ಬಳಿ ಇದ್ದಾಗ ಬಂದು, ಬಯಲಿಗೆ ಹೋದಾಗ ಇಳಿಯುವ ತಲೆನೋವು ಪಿತ್ತವಲ್ಲ ಎಂದು ನೆನಪಿಡಿ. ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೇ ಬಂದರಂತೂ ಹೊಗೆಯನ್ನೇ ಮೊದಲು ಸಂಶಯಿಸಬೇಕು.

ಇನ್ನೊಂದು ಮಾತು ಅತಿ ಮುಖ್ಯ. ಕೋವಿಡ್ ಕಾಲದಲ್ಲಿ ಬಹಳ ಮನೆಗಳಿಗೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬಂದಿದೆ. ಈ ವಿಷದಲ್ಲಿ ಅದನ್ನು ನಂಬಬೇಡಿ. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ತಿಳಿಯುತ್ತದೆ. ಅಂದು ಆ ಹುಡುಗನ ಬೆರಳಿನಲ್ಲಿ ಅದು ತೋರಿಸಿದ್ದು 98.

ಮೊದಲು ಯಂತ್ರವನ್ನು ಸರಿಪಡಿಸಿ

ಸದ್ದು, ಹೊಗೆ ಎರಡನ್ನೂ ಒಟ್ಟಿಗೇ ಕಡಿಮೆ ಮಾಡುವ ಎಲ್ಲಕ್ಕಿಂತ ಅಗ್ಗದ ಉಪಾಯ ಕಿವಿಗೂ ಮೂಗಿಗೂ ಸಂಬಂಧಿಸಿದ್ದಲ್ಲ. ಸರಪಳಿಯ ಹಲ್ಲಿಗೆ ಸಂಬಂಧಿಸಿದ್ದು. ಚೂಪಾದ ಹಲ್ಲು ತಾನೇ ಮರವನ್ನು ಕಚ್ಚಿಕೊಂಡು ಮುಂದೆ ಹೋಗುತ್ತದೆ. ಮೊಂಡಾದರೆ ಮೈಭಾರ ಹಾಕಿ ಒತ್ತಬೇಕು, ಇಂಜಿನ್ ಒದ್ದಾಡುತ್ತದೆ, ಒಂದು ಹಲಗೆಗೆ ಎರಡು ಹಲಗೆಯ ಹೊತ್ತು ಹಿಡಿಯುತ್ತದೆ. ಹೊತ್ತು ಎರಡರಷ್ಟಾದರೆ ಕಿವಿಗೆ ಬೀಳುವ ಸದ್ದು, ಎದೆಗೆ ಹೋಗುವ ಹೊಗೆ ಎರಡೂ ಎರಡರಷ್ಟು. ಕೊಯ್ಯುವ ಕೆಲಸದಲ್ಲಿ ಪ್ರತಿ ಸಲ ಪೆಟ್ರೋಲ್ ತುಂಬುವಾಗ ಒಮ್ಮೆ ಕಾನಸು ಆಡಿಸುವುದು ಒಳ್ಳೆಯ ರೂಢಿ.

ಸರಪಳಿಯಲ್ಲೂ ಜಾತಿಗಳಿವೆ. ಸಾಧಾರಣ ಸರಪಳಿಯ ಹಲ್ಲನ್ನು ಮರವನ್ನು ಅಡ್ಡಕ್ಕೆ ಕಡಿಯಲು ಸುಮಾರು 30 ಡಿಗ್ರಿ ಓರೆಗೆ ಮಸೆದಿರುತ್ತಾರೆ. ಉದ್ದಕ್ಕೆ ಸೀಳಲೆಂದೇ ಸುಮಾರು 10 ಡಿಗ್ರಿಗೆ ಮಸೆದ ಸರಪಳಿ ಸಿಗುತ್ತದೆ. ಹಲಗೆ ಕೊಯ್ಯುವುದೇ ಕಸುಬಾದವರು ಅದನ್ನು ಇಟ್ಟುಕೊಳ್ಳಬೇಕು. ಕೊಯ್ದ ಸೀಳಿನಲ್ಲಿ ಅಲ್ಲಲ್ಲಿ ಬೆಣೆ ಹೊಡೆಯುತ್ತ ಹೋದರೆ ಮರ ಸರಪಳಿಯನ್ನು ಹಿಡಿಯುವುದಿಲ್ಲ, ಇಂಜಿನ್ನಿಗೆ ಭಾರ ಬೀಳುವುದಿಲ್ಲ.

ಪೆಟ್ರೋಲಿಗೆ ಆಯಿಲನ್ನು ಕಂಪನಿ ಹೇಳಿದ ಪ್ರಮಾಣದಲ್ಲೇ ಅಳೆದು ಹಾಕಿ. ಇಂದಿನ ಬಹಳಷ್ಟು ಯಂತ್ರಗಳಿಗೆ 50ಕ್ಕೆ 1, ಅಂದರೆ ಒಂದು ಲೀಟರಿಗೆ 20 ಮಿಲಿ. "ಇಂಜಿನ್ನಿಗೆ ಒಳ್ಳೇದು" ಎಂದು ಕೈಯಳತೆಯಲ್ಲಿ ಹೆಚ್ಚು ಸುರಿದರೆ ಹೆಚ್ಚುವುದು ಹೊಗೆ. ಗಾಳಿ ಸೋಸುವ ಫಿಲ್ಟರಿಗೆ ಹೊಟ್ಟು ಮುಚ್ಚಿದರೆ ಪೆಟ್ರೋಲ್ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಏರುತ್ತದೆ. ಪೆಟ್ರೋಲ್ ತುಂಬುವಾಗಲೇ ಅದನ್ನೂ ಕೊಡವಿ. ಕಾರ್ಬೊರೇಟರನ್ನು ತಿಳಿದ ಮೇಸ್ತ್ರಿಯಿಂದ ಹೊಂದಿಸಿ.

ಸೈಲೆನ್ಸರಿನಲ್ಲಿ ತೂತು ಕೊರೆದರೆ ಯಂತ್ರಕ್ಕೆ ಜೋರು ಬರುತ್ತದೆಂದು ಕೆಲವರು ಹಾಗೆ ಮಾಡುತ್ತಾರೆ. ಸದ್ದು ಹೆಚ್ಚುವುದಲ್ಲದೆ ಕಿಡಿ ಹಾರಿ ಹೊಟ್ಟಿಗೆ ಬೆಂಕಿ ಹತ್ತುವ ಭಯವೂ ಇದೆ. ಮನೆಯಲ್ಲೇ ಕೊಳವೆ ಜೋಡಿಸುವ ಸಾಹಸವೂ ಬೇಡ. ಸರಪಳಿಗೆ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಹಾಕುವುದು ಇನ್ನೊಂದು ಕೆಟ್ಟ ಚಾಳಿ. ಸುಟ್ಟ ಆಯಿಲಿನಲ್ಲಿ ಕ್ಯಾನ್ಸರ್ ತರುವ ವಸ್ತುಗಳಿರುತ್ತವೆ. ವೇಗದ ಸರಪಳಿ ಅದನ್ನು ತುಂತುರು ಮಾಡಿ ಮುಖಕ್ಕೂ ಬಟ್ಟೆಗೂ ಸಿಡಿಸುತ್ತದೆ.

ಜಾಗ, ಗಾಳಿ, ದೂರ

ಆವಿಗೆಗೆ ಬೆಂಕಿ ಹಾಕುವ ಕುಂಬಾರ ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡುತ್ತಾನೆ. ಮರ ಕೊಯ್ಯುವವರೂ ಈ ಪಾಠ ಕಲಿಯಬೇಕು. ಕೆಲಸ ಯಾವಾಗಲೂ ಬಯಲಿನಲ್ಲಿ ನಡೆಯಲಿ. ಕೊಟ್ಟಿಗೆ, ಪಡಸಾಲೆ, ತಗ್ಗಿನ ಗುಂಡಿ, ತಾಡಪತ್ರಿಯ ಡೇರೆ ಕೂಡದು. ಬಾಗಿಲು ತೆರೆದಿದೆ, ಫ್ಯಾನ್ ಹಚ್ಚಿದೆ ಎಂಬ ಧೈರ್ಯವೂ ಬೇಡ. ಮಳೆ ಬಂದರೆ ಯಂತ್ರ ನಿಲ್ಲಿಸಿ ಚಹಾ ಕುಡಿಯಿರಿ. ದಿಮ್ಮಿ ನಾಳೆಯೂ ಅಲ್ಲೇ ಇರುತ್ತದೆ. ಬೀಸುವ ಗಾಳಿ ಹೊಗೆಯನ್ನು ನಡೆಸುವವನಿಂದ ಆಚೆಗೆ ಒಯ್ಯುವಂತೆ ದಿಮ್ಮಿಯನ್ನು ತಿರುಗಿಸಿ ಇಡಿ.

ದಿಮ್ಮಿಯನ್ನು ನೆಲದ ಮೇಲೆ ಇಡದೆ ಗಟ್ಟಿ ಆಧಾರದ ಮೇಲೆ ಮೊಣಕಾಲಿಗಿಂತ ಮೇಲೆ ಎತ್ತಿಡಿ. ಬಾಗುವುದು ತಪ್ಪಿದರೆ ಮುಖ ಹೊಗೆಯಿಂದ ದೂರವಾಗುತ್ತದೆ, ಸೊಂಟಕ್ಕೂ ಸುಖ. ದಿಮ್ಮಿಯ ಒಂದು ತುದಿಯನ್ನು ಸ್ವಲ್ಪ ಎತ್ತರಿಸಿದರೆ ಯಂತ್ರ ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ಸರಿಯುತ್ತದೆ. ಚೌಕಟ್ಟಿಗೆ ಹಗ್ಗ ಕಟ್ಟಿ ಸಣ್ಣ ಕೈರಾಟೆಯಿಂದ ಎಳೆಯುವ ಏರ್ಪಾಡೂ ಇದೆ. ಅದರಿಂದ ಯಂತ್ರದ ಮೇಲೆ ಬಾಗಿ ನೂಕುವುದು ತಪ್ಪುತ್ತದೆ.

ದೂರಕ್ಕೆ ಬೆಲೆಯಿಲ್ಲ, ಆದರೆ ಅದು ಕೊಡುವ ರಕ್ಷಣೆ ದೊಡ್ಡದು. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಯಂತ್ರದಿಂದ 1 ಮೀಟರಿನಲ್ಲಿ 110 ಇದ್ದದ್ದು 4 ಮೀಟರಿನಲ್ಲಿ 98, 16ರಲ್ಲಿ 86, 32 ಮೀಟರಿನಲ್ಲಿ 80. ನೋಡಲು ನೆರೆದ ಮಕ್ಕಳು, ಹಲಗೆ ಎಣಿಸುವ ಯಜಮಾನರು, ಚಹಾ ತರುವ ಮನೆಯಾಕೆ ಮೂವತ್ತು ಹೆಜ್ಜೆ ಆಚೆ ನಿಂತರೆ ಅವರ ಕಿವಿ ಉಳಿಯಿತು. ಮನೆಯ ಕಿಡಕಿಗೆ ಹೊಂದಿ ದಿಮ್ಮಿ ಇಡಬೇಡಿ. ನೆರೆಹೊರೆಯವರ ನೆಮ್ಮದಿಯೂ ಇದೆ: 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಬೆಳಗಿನ ಜಾವ, ಸಂಜೆಯ ಓದಿನ ಹೊತ್ತು ಬಿಟ್ಟು ಕೆಲಸ ಇಟ್ಟುಕೊಳ್ಳಿ.

ಮೈಮೇಲೆ ಧರಿಸುವುದು

ಕಿವಿಗೆ ಅರಳೆ ತುರುಕಿ "ರಕ್ಷಣೆ ಆಯ್ತು" ಎನ್ನುವವರು ಬಹಳ. ಅರಳೆ ತಡೆಯುವ ಸದ್ದು ತೀರ ಅಲ್ಪ. ತಲೆಗೆ ಸುತ್ತಿದ ಟವೆಲಿನದೂ ಅದೇ ಕಥೆ. ಮೊಬೈಲಿನ ಹಾಡು ಕೇಳುವ ತಂತಿಯನ್ನು ಸಿಕ್ಕಿಸಿಕೊಂಡು ಸದ್ದನ್ನು ಮೀರಿಸಲು ಹಾಡು ಜೋರು ಮಾಡುವ ಹುಡುಗರನ್ನೂ ಕಂಡಿದ್ದೇನೆ. ಅದು ಬೆಂಕಿಗೆ ಸೀಮೆಎಣ್ಣೆ ಹಾಕಿದಂತೆ.

ಬೇಕಾದದ್ದು ಇಡೀ ಕಿವಿಯನ್ನು ಮುಚ್ಚುವ ಬಟ್ಟಲಿನಂಥ ಇಯರ್ ಮಫ್. ಚೆನ್ನಾಗಿ ಕೂತರೆ ಅದು 20 ಡೆಸಿಬೆಲ್‌ನಷ್ಟಾದರೂ ತಡೆಯುತ್ತದೆ. ಆಗ 110 ಇದ್ದದ್ದು ಕಿವಿಗೆ 90 ಆಗುತ್ತದೆ. ಒಂದೂವರೆ ನಿಮಿಷದ ಪಾಲು ಎರಡೂವರೆ ತಾಸಿಗೆ ಏರುತ್ತದೆ. ಒಳಗೆ ಸ್ಪಂಜಿನ ಇಯರ್ ಪ್ಲಗ್ ಹಾಕಿ ಮೇಲೆ ಮಫ್ ಧರಿಸಿದರೆ ಇನ್ನೈದು ಡೆಸಿಬೆಲ್ ಉಳಿತಾಯ. ಹಲಗೆ ಕೊಯ್ಯುವವರಿಗೆ ನಾನು ಹೇಳುವುದು ಈ ಎರಡನ್ನೂ. ಪ್ಲಗ್ಗನ್ನು ಬೆರಳಿನಿಂದ ಹೊಸೆದು ತೆಳ್ಳಗೆ ಮಾಡಿ, ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ಇಟ್ಟು, ಉಬ್ಬುವ ತನಕ ಒತ್ತಿ ಹಿಡಿಯಬೇಕು. ಕಿವಿ ಸೋರುವವರು ಪ್ಲಗ್ ಹಾಕಬಾರದು. ಮಫ್ಫಿನ ಅಂಚಿನಲ್ಲಿ ಟೊಪ್ಪಿಗೆ, ಕನ್ನಡಕದ ಕಡ್ಡಿ ಸಿಕ್ಕಿದರೆ ಆ ಸಂದಿನಿಂದಲೇ ಸದ್ದು ನುಸುಳುತ್ತದೆ.

ಯಂತ್ರ ನಡೆಯುತ್ತಿರುವಾಗ ಒಂದು ಕ್ಷಣವೂ ಮಫ್ ತೆಗೆಯಬೇಡಿ. ತಾಸಿನಲ್ಲಿ ಐದು ನಿಮಿಷ ತೆಗೆದರೂ ಉಳಿಸಿದ್ದೆಲ್ಲ ಹೋಯಿತು. ಕಿವಿ ಮುಚ್ಚಿದಾಗ ಕೂಗು ಕೇಳುವುದಿಲ್ಲವಾದ್ದರಿಂದ 'ನಿಲ್ಲಿಸು', 'ಸರಿ' ಎಂಬುದಕ್ಕೆ ಕೈಸನ್ನೆಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಹಲಗೆ ಹಿಡಿಯುವ ಸಹಾಯಕನಿಗೂ ಒಂದು ಜೊತೆ ಬೇಕು. ಅವನ ಕಿವಿಯೂ ಕಿವಿಯೇ.

ಮುಖಕ್ಕೆ ಕಟ್ಟುವ ಕರವಸ್ತ್ರವಾಗಲಿ, ಎನ್-95 ಮಾಸ್ಕ್ ಆಗಲಿ ಕಾರ್ಬನ್ ಮೊನಾಕ್ಸೈಡನ್ನು ತಡೆಯುವುದಿಲ್ಲ. ಗಾಳಿಯೊಂದೇ ಅದಕ್ಕೆ ಮದ್ದು. ಆದರೂ ಒಳ್ಳೆಯ ಮಾಸ್ಕ್ ಬೇಕು, ಹೊಟ್ಟಿನ ಸಲುವಾಗಿ. ಮರದ ಧೂಳು ಮೂಗಿನ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಸಾರಿದೆ. ಸಾಗವಾನಿ, ಬೀಟೆಯ ಹೊಟ್ಟು, ಮಾವಿನ ಸೊನೆ ಕೆಲವರ ಚರ್ಮಕ್ಕೂ ಆಗಿಬರುವುದಿಲ್ಲ.

ಯಂತ್ರದ ನಡುಕದ ಬಗೆಗೂ ಒಂದು ಮಾತು. ವರ್ಷಗಟ್ಟಲೆ ನಡುಗುವ ಹಿಡಿಕೆ ಹಿಡಿದವರಿಗೆ ಚಳಿಯಲ್ಲಿ ಬೆರಳ ತುದಿ ಬೆಳ್ಳಗಾಗಿ ಜೋಮು ಹಿಡಿಯುತ್ತದೆ. ಹೀಗಾಗುವವರು ಬೀಡಿ ಬಿಡಬೇಕು, ಕೈ ಬೆಚ್ಚಗಿಡಬೇಕು, ಹಿಡಿಕೆಯ ಹರಿದ ರಬ್ಬರನ್ನು ಬದಲಿಸಬೇಕು, ವೈದ್ಯರಿಗೆ ತೋರಿಸಬೇಕು.

ಬೇರೆ ದಾರಿ ಇದೆಯೇ?

ಇದೆ. ದಿಮ್ಮಿಯನ್ನು ಗಾಡಿಯಲ್ಲಿ ಸಾಗಿಸಬಹುದಾದರೆ ಪರವಾನಗಿ ಇರುವ ಸಾಮಿಲ್ಲಿಗೆ ಒಯ್ಯುವುದು ಒಳಿತು. ಅಲ್ಲಿಯ ಪಟ್ಟಿ ಗರಗಸ ವಿದ್ಯುತ್ತಿನಿಂದ ನಡೆಯುತ್ತದೆ. ಸದ್ದಿದೆ, ಆದರೆ ಪೆಟ್ರೋಲಿನ ಹೊಗೆ ಇಲ್ಲ. ಸೀಳು ತೆಳುವಾದ್ದರಿಂದ ಹಲಗೆಯೂ ಹೆಚ್ಚು ಬೀಳುತ್ತದೆ. ಮರ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿಯ ವಿಷಯವನ್ನು ಮೊದಲೇ ವಿಚಾರಿಸಿಕೊಳ್ಳಿ. ಬ್ಯಾಟರಿಯ, ವಿದ್ಯುತ್ತಿನ ಚೈನ್‌ಸಾಗಳೂ ಬಂದಿವೆ. ಅವು ಹೊಗೆ ಬಿಡುವುದಿಲ್ಲ, ಸದ್ದೂ ಕಡಿಮೆ; ಆದರೂ ಕಿವಿಗೆ ರಕ್ಷಣೆ ಬೇಡವೆನ್ನುವಷ್ಟು ಕಡಿಮೆಯಲ್ಲ. ಟೊಂಗೆ, ಸಣ್ಣ ತುಂಡಿಗೆ ಅವು ಸಾಕು. ದೊಡ್ಡ ದಿಮ್ಮಿ ಸೀಳಲು ಬ್ಯಾಟರಿ ಬೇಗ ಸೋಲುತ್ತದೆ.

ತೊಂದರೆಯಾದರೆ ಏನು ಮಾಡಬೇಕು?

ಯಂತ್ರದ ಬಳಿ ಇದ್ದವರಿಗೆ ತಲೆನೋವು, ವಾಕರಿಕೆ, ತಲೆ ತಿರುಗು ಬಂದರೆ ಯಂತ್ರ ನಿಲ್ಲಿಸಿ ಎಲ್ಲರೂ ಬಯಲಿಗೆ ಬನ್ನಿ. ಹೊಗೆ ತುಂಬಿದ ಕೋಣೆಯಿಂದ ಯಾರನ್ನಾದರೂ ತರಬೇಕಾದರೆ ಮೊದಲು ಬಾಗಿಲು ಕಿಡಕಿ ತೆರೆಯಿರಿ. ಇಲ್ಲದಿದ್ದರೆ ತರಲು ಹೋದವರೂ ಬಿದ್ದಾರು. ಬಯಲಿನ ಗಾಳಿಯಲ್ಲಿ ರಕ್ತದೊಳಗಿನ ವಿಷ ಅರ್ಧಕ್ಕಿಳಿಯಲು ನಾಲ್ಕೈದು ತಾಸು ಬೇಕು; ಆಸ್ಪತ್ರೆಯಲ್ಲಿ ಮಾಸ್ಕಿನಿಂದ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ತಾಸು ಸಾಕು. ಆದ್ದರಿಂದ ಗೊಂದಲ, ಎದೆನೋವು, ಪ್ರಜ್ಞೆ ತಪ್ಪಿದ್ದು ಕಂಡರೆ, ಬಸುರಿಯರಿಗೆ ಅಥವಾ ವೃದ್ಧರಿಗೆ ಹೊಗೆ ಹೋಗಿದ್ದರೆ ತಡ ಮಾಡದೆ 108ಕ್ಕೆ ಕರೆ ಮಾಡಿ. ವೈದ್ಯರಿಗೆ "ಯಂತ್ರದ ಹೊಗೆಯಲ್ಲಿದ್ದರು" ಎಂದು ನೀವಾಗಿಯೇ ಹೇಳಿ. ಹೇಳದಿದ್ದರೆ ಅವರಿಗೆ ತಿಳಿಯುವುದು ಕಷ್ಟ. ನನಗೂ ತಿಳಿಯದೆ ಹೋಗುವುದರಲ್ಲಿತ್ತು.

ಈ ಕಸುಬಿನವರು ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆಗಳ ಕಿವಿ ವಿಭಾಗಗಳಲ್ಲಿ ಈ ಸೌಕರ್ಯವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇರುವ ಕೇಂದ್ರ ಸರಕಾರದ ಸಂಸ್ಥೆ. ಪರೀಕ್ಷೆಗೆ ಹೋಗುವ ಹಿಂದಿನ ದಿನ ಯಂತ್ರ ಮುಟ್ಟಬೇಡಿ. ದಣಿದ ಕಿವಿ ಸರಿಯಾದ ಲೆಕ್ಕ ಕೊಡುವುದಿಲ್ಲ.

ಆ ಕೆಲಸಗಾರರಿಗೂ ಪರೀಕ್ಷೆ ಮಾಡಿಸಿದೆ. ಅವರ ನಕ್ಷೆಯಲ್ಲಿ 4000 ಹರ್ಟ್ಸ್ ಸ್ವರದ ಬಳಿ ಗೆರೆ ತಗ್ಗಿನಂತೆ ಕುಸಿದಿತ್ತು. ಸದ್ದಿನ ಕಿವುಡಿನ ಹೆಗ್ಗುರುತು ಅದು. "ಎಷ್ಟು ದಿನದಾಗ ಸುದ್ದ ಆಗ್ತದರೀ?" ಎಂದು ಕೇಳಿದರು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಎಂದು ಎರಡೆರಡು ಸಲ, ಗಟ್ಟಿಯಾಗಿ ಹೇಳಬೇಕಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನ್ಯಾಗ ಸಣ್ಣ ಮಗಳು ಮಾತಾಡಿದ್ದು ತಿಳಿಯಂಗಿಲ್ಲರೀ, ಆಕಿ ದನಿ ಬಾಳ ಸಣ್ಣದೈತಿ ಅಂತ ತಿಳಕೊಂಡಿದ್ದೆ" ಎಂದರು.

ಈಗ ಅವರು ಎರಡು ಜೊತೆ ಮಫ್ ಇಟ್ಟುಕೊಂಡಿದ್ದಾರೆ, ಒಂದು ತಮಗೆ, ಇನ್ನೊಂದು ಸಹಾಯಕನಿಗೆ. ಮಳೆ ಬಂದರೆ ಕೆಲಸ ನಿಲ್ಲಿಸುತ್ತಾರಂತೆ. ಮರ ಕೊಯ್ಯಿಸುವ ಮನೆಯವರು ಕೂಲಿ ಮಾತಾಡುವಾಗಲೇ "ಕಿವಿಗೆ ಏನು ಹಾಕ್ಕೋತೀರಿ? ಬಯಲಾಗ ಮಾಡ್ತೀರಲ್ಲ?" ಎಂದು ಎರಡು ಪ್ರಶ್ನೆ ಕೇಳಿದರೆ ಈ ರೂಢಿ ಬೇಗ ಬೆಳೆದೀತು. ಅಟ್ಟದ ಹಲಗೆಯ ಲೆಕ್ಕದಲ್ಲಿ ಯಾರ ಕಿವಿಯೂ ಯಾರ ಉಸಿರೂ ಸೇರಬಾರದು.